ಎಳ್ಳು ಅಳೆಯುತ್ತಿದ್ದ ಓಜೀಸಾನ್

ಡಿಸೆಂಬರ್ ಬಂತೆಂದರೆ ಜಪಾನಿನ ಮನೆಗಳಿಗೆ ಒಂದು ಬಗೆಯ ಕಾರ್ಡು ಬರುತ್ತದೆ. ಬಿಳಿ ಕಾರ್ಡಿಗೆ ಬೂದು ಬಣ್ಣದ ಅಂಚು, ಮೂಲೆಯಲ್ಲಿ ತೆಳುವಾಗಿ ಅಚ್ಚು ಹಾಕಿದ ಒಂದು ಹೂವು. ಈ ವರ್ಷ ನಮ್ಮ ಮನೆಯಲ್ಲಿ ಸಾವಾಗಿದೆ, ಆದ್ದರಿಂದ ಹೊಸ ವರ್ಷದ ಶುಭಾಶಯ ಕಳುಹಿಸಲಾರೆವು, ಮನ್ನಿಸಿ ಎಂಬ ಒಕ್ಕಣೆ. ಸಾವಿನ ಸುದ್ದಿಯನ್ನು ಇಷ್ಟು ಸಂಕೋಚದಿಂದ ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊರೋನಾದ ಮೂರನೆಯ ಡಿಸೆಂಬರಿನಲ್ಲಿ ನಿಶಿ ಕಸಾಯಿಯ ನಮ್ಮ ಮನೆಗೂ ಅಂಥದೊಂದು ಕಾರ್ಡು ಬಂತು. ಅಚ್ಚಾದ ಒಕ್ಕಣೆಯ ಕೆಳಗೆ ಪೆನ್ನಿನಲ್ಲಿ ನಾಲ್ಕು ಸಾಲು ಬರೆದಿತ್ತು. ನನಗೆ ಓದಲು ಕಷ್ಟವಾದೀತೆಂದು ಪ್ರತಿ ಚಿತ್ರಾಕ್ಷರದ ತಲೆಯ ಮೇಲೂ ಸಣ್ಣ ಅಕ್ಷರಗಳಲ್ಲಿ ಅದರ ಉಚ್ಚಾರಣೆಯನ್ನು ಬರೆದುಕೊಟ್ಟಿದ್ದರು. ಬರೆದವರು ನಮ್ಮ ಪಕ್ಕದ ಮನೆಯಲ್ಲಿದ್ದ ಹಿರಿಯರ ಮಗ, ನಾಗೋಯಾದಲ್ಲಿರುವವರು.

"ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲೂ ಸಂಜೆ ಏಳಕ್ಕೆ ಗಡಿಯಾರ ನೋಡಿ, ಕಿಟಕಿಯ ಕಡೆ ಬೆರಳು ತೋರಿಸಿ 'ಯೋಶಿ' ಅನ್ನುತ್ತಿದ್ದರು. ಯಾಕೆಂದು ಕೇಳಿದರೆ, ಪಕ್ಕದ ಮನೆಯ ಓಕುಸಾನ್ ಅವರನ್ನು ಕೇಳು ಎಂದರು. ನಿಮಗೆ ಗೊತ್ತಿದೆಯೇ?"

ಯೋಶಿ ಎಂದರೆ 'ಸರಿಯಾಗಿದೆ' ಎಂದು. ಓಕುಸಾನ್ ಎಂದರೆ ನಾನು. ನೆರೆಮನೆಯ ಗೃಹಿಣಿಯನ್ನು ಇಲ್ಲಿಯವರು ಮರ್ಯಾದೆಯಿಂದ ಕರೆಯುವುದು ಹಾಗೆ. ನಾನು ಅವರನ್ನು ಓಜೀಸಾನ್ ಎನ್ನುತ್ತಿದ್ದೆ, ನಮ್ಮಲ್ಲಿ 'ಅಜ್ಜಾವ್ರೇ' ಎಂದ ಹಾಗೆ. ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಆದರೆ ಅದನ್ನು ಬರೆಯಲು ಕುಳಿತರೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯಲಿಲ್ಲ. ಅದಕ್ಕೇ ಮೊದಲು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ.

ನಮ್ಮದು ಎರಡನೆಯ ಮಹಡಿಯ ಫ್ಲಾಟು. ಅಡುಗೆಮನೆಯ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಅವರ ಹಳೆಯ ಮರದ ಮನೆ, ಒಂದು ಚಾಪೆ ಹಾಸುವಷ್ಟು ಅಂಗಳ, ಅದರ ಅಂಚಿಗೆ ಮರದ ಜಗುಲಿ. ಮೊದಲ ವರ್ಷ ಶಾಲೆಗಳೆಲ್ಲ ಮುಚ್ಚಿ, ನಮ್ಮವರ ಆಫೀಸು ಊಟದ ಮೇಜಿಗೇ ಬಂದು ಕೂತಾಗ ನನ್ನ ಪಾಲಿಗೆ ಉಳಿದದ್ದು ಆ ಕಿಟಕಿ ಒಂದೇ. "ಮೀಟಿಂಗಲ್ಲಿದ್ದೀನಿ ಕಣೇ, ಮಿಕ್ಸಿ ಹಾಕ್ಬೇಡ" ಎಂದು ಅವರು ಕೈಸನ್ನೆ ಮಾಡಿದಾಗಲೆಲ್ಲ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ.

ಪ್ರತಿ ಮಂಗಳವಾರ ಬೆಳಗ್ಗೆ ಸರಿಯಾಗಿ ಹತ್ತಕ್ಕೆ ಆ ಜಗುಲಿಯ ಮೇಲೆ ಒಂದು ಕೆಲಸ ನಡೆಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಎಪ್ಪತ್ತೈದು ದಾಟಿದ, ಸಣಕಲು ದೇಹದ ಒಬ್ಬರು ಮಂಡಿಯೂರಿ ಕೂರುವರು. ಮುಂದೆ ಕಪ್ಪು ಅರಗಿನ ತಟ್ಟೆ. ಬಲಕ್ಕೆ ಬೋರಲು ಹಾಕಿದ ಇಪ್ಪತ್ತು ಬಿದಿರಿನ ಪುಟ್ಟ ಕೊಳವೆಗಳು, ನಮ್ಮ ಕುಂಕುಮದ ಭರಣಿಗಿಂತ ಸ್ವಲ್ಪ ಉದ್ದ. ಮಧ್ಯೆ ಮುಚ್ಚಳವಿದ್ದ ಒಂದು ಮರದ ಡಬ್ಬಿ. ಒಂದು ಕೊಳವೆ ಎತ್ತಿ ನಿಲ್ಲಿಸುವರು. ಡಬ್ಬಿ ತೆರೆದು ಬಿದಿರಿನ ಚಮಚದಲ್ಲಿ ಕಪ್ಪಗಿನ ಏನನ್ನೋ ತುಂಬಿಕೊಂಡು, ಮೇಲ್ಮೈಯನ್ನು ಕಡ್ಡಿಯಿಂದ ಸವರಿ ಮಟ್ಟ ಮಾಡಿ, ಕೊಳವೆಗೆ ಸುರಿದು ಬಿರಡೆ ಹಾಕುವರು. ಡಬ್ಬಿಯ ಮುಚ್ಚಳ ಮುಚ್ಚಿ ಅದರ ಮೇಲೆ ಬೆರಳು ತೋರಿಸಿ "ಯೋಶಿ" ಎನ್ನುವರು. ಆಮೇಲೆ ಮಾಸ್ಕನ್ನು ಮೂಗಿನ ಕೆಳಗೆ ಎಳೆದು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಗಾಳಿಯನ್ನು ಮೂಸುವರು. ಮತ್ತೆ "ಯೋಶಿ." ತುಂಬಿದ ಕೊಳವೆ ಎಡಗಡೆಗೆ. ನಂತರ ಎರಡನೆಯದು.

ಕಣ್ಣಿಟ್ಟು ನೋಡಿದೆ. ಆ ಕಪ್ಪಗಿನದು ಕರಿ ಎಳ್ಳು.

"ಅವರೇನು ಎಳ್ಳುಂಡೆ ವ್ಯಾಪಾರ ಮಾಡ್ತಾರಾ?" ಎಂದರು ನಮ್ಮವರು, ಮ್ಯೂಟ್ ಒತ್ತಿ.

ನನಗೆ ನಗು ಬರಲಿಲ್ಲ. ನಮ್ಮ ಮನೆಗಳಲ್ಲಿ ಕರಿ ಎಳ್ಳು ಹೊರಗೆ ಬರುವುದು ತಿಥಿಯ ದಿನ. ಊರ ತುಂಬ ಸಾವಿನ ಸುದ್ದಿ ಇರುವಾಗ ಒಬ್ಬರು ವಾರವಾರವೂ ಎಳ್ಳು ಅಳೆಯುವುದನ್ನು ನೋಡಲು ಮನಸ್ಸಿಗೆ ಒಂಥರಾ ಆಗುತ್ತಿತ್ತು.

ಪರಿಚಯವಾದದ್ದು ಮಗಳ ಒಂದು ಕಾಲುಚೀಲದಿಂದ. ಒಣಹಾಕಿದ್ದು ಗಾಳಿಗೆ ಹಾರಿ ಅವರ ಅಂಗಳಕ್ಕೆ ಬಿತ್ತು. ನಾನು ಮೆಟ್ಟಿಲಿಳಿದು ಹೋಗಿ ಬೇಲಿಯ ಹೊರಗಿನಿಂದ "ಸುಮಿಮಾಸೆನ್", ಕ್ಷಮಿಸಿ, ಎಂದೆ. ಅವರು ತಲೆ ಎತ್ತಲಿಲ್ಲ, ಒಂದು ಬೆರಳನ್ನು ಮಾತ್ರ ಎತ್ತಿದರು. ಎಡಗಡೆ ಹದಿನೇಳು ಕೊಳವೆ ತುಂಬಿ ನಿಂತಿದ್ದವು, ನಾನು ಎಣಿಸಿದ್ದೆ. ಒಂದೊಂದರದೇ ಬಿರಡೆ ತೆಗೆದು ಹದಿನೇಳನ್ನೂ ಡಬ್ಬಿಗೆ ವಾಪಸು ಸುರಿದರು. ಕೊಳವೆಗಳನ್ನು ಬೋರಲು ಹಾಕಿದರು, ಮುಚ್ಚಳ ಹಾಕಿದರು, ಯೋಶಿ ಎಂದರು. ಆಮೇಲೆ ಎದ್ದು ಬಂದು, ಕಾಲುಚೀಲದ ಮಣ್ಣು ಕೊಡವಿ, ಎರಡು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಮುಖದಲ್ಲಿ ಬೇಸರದ ಒಂದು ಗೆರೆಯೂ ಇರಲಿಲ್ಲ. ವಾಪಸು ಹೋಗಿ ಮೊದಲನೆಯದರಿಂದ ಶುರು ಮಾಡಿದರು.

ಮಗಳು ಮೇಲಿನಿಂದ ಎಲ್ಲವನ್ನೂ ನೋಡಿದ್ದಳು. "ಅಮ್ಮಾ, it's just ಎಳ್ಳು! Why did he restart?"

ಅದರ ಅರ್ಥ ತಿಳಿಯಲು ಎರಡು ತಿಂಗಳು ಬೇಕಾಯಿತು. ಒಂದು ಸೋಮವಾರ ಬೇಲಿಯ ಆಚೆ ಈಚೆ ಮಾಸ್ಕು ಹಾಕಿಕೊಂಡು ನಿಂತು, ನನಗೆ ಅರ್ಥವಾಗುವ ಹಾಗೆ ನಿಧಾನವಾಗಿ ಹೇಳಿದರು. ನಲವತ್ತು ವರ್ಷ ಅವರು ರೈಲು ಓಡಿಸಿದವರು. ನಿವೃತ್ತರಾದ ಮೇಲೆ ಸೇರಿದ್ದು ಬತ್ತಿ ಕೋವಿಯ ಒಂದು ತಂಡವನ್ನು. ನಾನೂರು ವರ್ಷದ ಹಿಂದಿನ ಮಾದರಿಯ ಕೋವಿಗಳು. ಹೊಗೆಯಾಡುವ ಹುರಿಬತ್ತಿ ತಾಗಿಸಿದರೆ ಮದ್ದು ಹೊತ್ತಿಕೊಂಡು ಢಂ ಎನ್ನುತ್ತದೆ. ಹಬ್ಬಗಳಲ್ಲಿ ರಕ್ಷಾಕವಚ ತೊಟ್ಟು ಸಾಲಾಗಿ ನಿಂತು ಹಾರಿಸುತ್ತಾರೆ. ಗುಂಡು ಇರುವುದಿಲ್ಲ, ಬರೀ ಮದ್ದು. ಆ ಮದ್ದಾದರೂ ಸರಕಾರದ ಅನುಮತಿ ಪಡೆದು, ಹಬ್ಬದ ದಿನಕ್ಕಷ್ಟೇ ತರುವಂಥದು, ಮನೆಯಲ್ಲಿ ಇಡುವ ಹಾಗಿಲ್ಲ. ತಂಡದಲ್ಲಿ ಕೊಳವೆಗೆ ಮದ್ದು ಅಳೆದು ತುಂಬುವ ಕೆಲಸ ಇವರದು. ಕೊರೋನಾ ಬಂದು ಹಬ್ಬಗಳೆಲ್ಲ ನಿಂತುಹೋಗಿದ್ದವು. ಕೈ ಮರೆಯಬಾರದಲ್ಲ, ಅದಕ್ಕೆ ಎಳ್ಳು.

"ಹಳೇ ಕೋವಿ ಅಂದ್ರೆ ನನಗಿಂತ ವಯಸ್ಸಾದವರು, ಓಕುಸಾನ್" ಎಂದರು. "ಅವರ ಹತ್ತಿರ ಮೆಲ್ಲಗೆ ಮಾತಾಡಬೇಕು. ಹಳೇ ಕಾಲದವರು ಹಾಕ್ತಿದ್ದ ಮದ್ದಿಗಿಂತ ಎಷ್ಟೋ ಕಡಿಮೆ ಹಾಕ್ತೀನಿ. ಸದ್ದು ಬಂದರೆ ಸಾಕು, ಹೊಗೆ ಬಂದರೆ ಸಾಕು."

"ಕಡಿಮೆ ಹಾಕಿದರೆ ಅಪಾಯವೂ ಕಡಿಮೆ, ಅಲ್ವಾ?" ಎಂದೆ.

ಅವರು ಇಲ್ಲವೆಂದು ತಲೆಯಾಡಿಸಿದರು. "ಕಡಿಮೆ ಹಾಕೋದರಲ್ಲಿ ಬೇರೆ ಒಂದು ಅಪಾಯ ಇದೆ. ಕೊಳವೆಯಲ್ಲಿ ಜಾಗ ಉಳಿದುಬಿಡುತ್ತೆ. ಮರೆತು ಇನ್ನೊಂದು ಚಮಚ ಹಾಕಿದರೂ ಹಿಡಿಸುತ್ತೆ. ಉಕ್ಕಿ ಹೊರಗೆ ಚೆಲ್ಲೋದಿಲ್ಲ, ಯಾರಿಗೂ ಗೊತ್ತಾಗೋದಿಲ್ಲ. ಕೋವಿಗೆ ಮಾತ್ರ ಗೊತ್ತಾಗುತ್ತೆ. ಅದಕ್ಕೇ ಮಧ್ಯೆ ಯಾರಾದರೂ ಕರೆದರೆ, ಎಲ್ಲಾ ವಾಪಸ್. ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪು ಮಾಡ್ಕೊಳ್ಳೋಕೆ ಹೋಗಬಾರದು. ನೆನಪು ಸುಳ್ಳು ಹೇಳುತ್ತೆ, ಅದೂ ವಿನಯವಾಗಿ."

ಯಾರಿಗೂ ಹೇಳಿರದ ಒಂದು ವಿಷಯವನ್ನು ಅವತ್ತು ಅವರಿಗೆ ಹೇಳಿದೆ, ಅದೂ ನನ್ನ ಹರಕು ಜಪಾನಿಯಲ್ಲಿ. ಅರಣ್ಯ ಇಲಾಖೆಯಲ್ಲಿದ್ದ ನಮ್ಮ ಅಜ್ಜನ ಹತ್ತಿರ ಬಿಳಿಯ ದೊರೆಯೊಬ್ಬ ಬಿಟ್ಟುಹೋದ ರಿವಾಲ್ವರ್ ಇತ್ತು, ಲೈಸೆನ್ಸೂ ಇತ್ತು. ಅಷ್ಟು ಹಳೆಯದಕ್ಕೆ ಪೇಟೆಯಲ್ಲಿ ತೋಟಾ ಸಿಗುತ್ತಿರಲಿಲ್ಲ. ಖಾಲಿ ತೋಟಾಗಳಿಗೆ ಅಜ್ಜ ತಾವೇ ಹಗುರವಾಗಿ ಮದ್ದು ತುಂಬಿಕೊಂಡು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹಿತ್ತಲಿನಲ್ಲಿ ಹಾರಿಸುತ್ತಿದ್ದರು. ಒಂದು ವರ್ಷ ತುಂಬುತ್ತಾ ಕೂತಿದ್ದಾಗ ಅಜ್ಜಿ "ಕಾಫಿ ಆರ್ತಿದೆ, ಬನ್ರೀ" ಎಂದು ಒಳಗಿನಿಂದ ಕರೆದರು. ಅಜ್ಜ ಎದ್ದು ಹೋಗಿ ಕುಡಿದು ಬಂದು ಕೆಲಸ ಮುಂದುವರಿಸಿದರು. ಒಂದು ತೋಟಾಕ್ಕೆ ಎರಡು ಸಲ ಬಿದ್ದಿತ್ತು. ಪೂಜೆಯ ದಿನ ರಿವಾಲ್ವರಿನ ತೋಟಾ ತುಂಬುವ ಗಾಲಿ ಒಡೆದು ಅಜ್ಜನ ಹೆಬ್ಬೆರಳಿನ ಮೇಲಿನ ಗೆಣ್ಣು ಹಾರಿಹೋಯಿತು. ಎಲ್ಲರೂ ಹಳೇ ಕಬ್ಬಿಣವನ್ನು ಬೈದರು. ಅಜ್ಜಿ ಮಾತ್ರ ಏನೂ ಹೇಳಲಿಲ್ಲ. ತಾನು ಕರೆದಿದ್ದೆ, ವಾಪಸು ಹೋದವರನ್ನು 'ಮೊದಲಿಂದ ಶುರು ಮಾಡಿದ್ರಾ' ಅಂತ ಕೇಳಲಿಲ್ಲ ಎಂದು ನನ್ನೊಬ್ಬಳಿಗೆ ಹೇಳಿದ್ದರು, ನನಗೆ ಮದುವೆ ಗೊತ್ತಾದ ಮೇಲೆ.

ಓಜೀಸಾನ್ ಅಂಗಳದ ನೆಲ ನೋಡುತ್ತಾ, "ಅಜ್ಜಿಗೆ ಭಾರ ಆಗಿರಬೇಕು" ಎಂದರು. ಅಜ್ಜನ ಬೆರಳಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಇನ್ನು ಆ ಏಳು ಗಂಟೆಯ ವಿಷಯಕ್ಕೆ, ಎಂದರೆ ಇಂಗಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಸಾರಿಗೆ ಒಗ್ಗರಣೆ. ಅಡುಗೆಮನೆಯ ಫ್ಯಾನು ಗಾಳಿಯನ್ನು ಹೊರಗೆ ದಬ್ಬುವುದು ನೇರವಾಗಿ ಅವರ ಜಗುಲಿಯ ಮೇಲಕ್ಕೆ. ನಾವು ಈ ಮನೆಗೆ ಬಂದ ಹೊಸತರಲ್ಲಿ ಇಂಗು ಸಿಡಿದ ಕೂಡಲೇ ಕೆಳಗೆ ಕಿಟಕಿ ಧಡ್ ಎಂದು ಮುಚ್ಚಿಕೊಳ್ಳುತ್ತಿತ್ತು. ನನಗೆ ನಾಚಿಕೆಯಾಗಿ ಇಂಗನ್ನು ಚಿಟಿಕೆಯಿಂದ ಅರ್ಧ ಚಿಟಿಕೆಗೆ ಇಳಿಸಿದ್ದೆ. ಪರಿಚಯವಾದ ಮೇಲೆ ಅವರೇ ಕೇಳಿದರು. "ಓಕುಸಾನ್, ಏಳು ಗಂಟೆಗೆ ನಿಮ್ಮ ಮನೇಲಿ ಕೋವಿ ಹಾರಿಸೋರು ಯಾರು?" ಮದ್ದಿನಲ್ಲಿರುವ ಗಂಧಕದ ಹೊಗೆಗೂ ಇಂಗಿಗೂ ದೂರದ ನೆಂಟಸ್ತನ ಇದೆಯಂತೆ. "ನಮ್ಮ ತಂಡದವರೆಲ್ಲ ಒಟ್ಟಿಗೆ ಹಾರಿಸಿದ ಮೇಲೆ ಐದು ನಿಮಿಷ ಇದೇ ವಾಸನೆ. ಈಗ ಹಬ್ಬಗಳೇ ಇಲ್ಲ, ಅದು ಸಿಗೋ ಹಾಗಿಲ್ಲ. ದಯವಿಟ್ಟು ಕಡಿಮೆ ಮಾಡಬೇಡಿ."

ಅಂದಿನಿಂದ ಒಂದು ರೂಢಿಯೇ ಆಯಿತು. ಒಗ್ಗರಣೆ ಚುಂಯ್ ಎನ್ನುವುದು, ಕೆಳಗಿನಿಂದ "ಯೋಶಿ!" ಎನ್ನುವುದು. ತಡವಾದರೆ ಅದಕ್ಕೂ ವಿಚಾರಣೆ.

"ಓಕುಸಾನ್, ಇವತ್ತು ಮೂರು ನಿಮಿಷ ಲೇಟು. ಕಾರಣ?"

"ಸಾಸಿವೆ ಡಬ್ಬಿ ಸಿಗಲಿಲ್ಲ, ಓಜೀಸಾನ್."

"ಸಿಬ್ಬಂದಿಯ ಅಜಾಗರೂಕತೆ. ಪ್ರಯಾಣಿಕರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ." ಸ್ಟೇಷನ್ನಿನ ಮೈಕಿನ ದನಿಯಲ್ಲೇ ಹೇಳುತ್ತಿದ್ದರು.

ನಮ್ಮವರು ಲ್ಯಾಪ್‌ಟಾಪಿನ ಹಿಂದಿನಿಂದ, "ನನಗೆ ಅನ್ನ ಲೇಟಾದ್ರೆ ಯಾರೂ ವಿಷಾದಿಸಲ್ಲ" ಎನ್ನುತ್ತಿದ್ದರು.

ಮೊದಲ ವರ್ಷದ ಕೊನೆಗೆ ತಂಡದ ಹಿರಿಯರೊಬ್ಬರು ತೀರಿಕೊಂಡರು. ಕೊರೋನಾ. ಓಜೀಸಾನ್ ಅವರಿಗೆ ಕೋವಿ ಹಿಡಿಯುವುದನ್ನು ಕಲಿಸಿದವರು, ಸಾಲಿನಲ್ಲಿ ಹತ್ತು ವರ್ಷ ಪಕ್ಕದಲ್ಲಿ ನಿಂತವರು. ಮನೆಯವರಿಗೇ ಮುಖ ತೋರಿಸಿರಲಿಲ್ಲ, ಗೆಳೆಯರಿಗೆ ಎಲ್ಲಿಂದ. ಆ ಮಂಗಳವಾರವೂ ಹತ್ತು ಗಂಟೆಗೆ ಬಿಳಿ ಅಂಗಿಯಲ್ಲಿ ಬಂದು ಕೂತರು. ನಾನು ತಡೆಯಲಾರದೆ, ಮುಗಿಯುವವರೆಗೆ ಕಾದು, ಕೆಳಗಿಳಿದು ಹೋಗಿ, ನಮ್ಮಲ್ಲಿ ಸತ್ತವರಿಗೆ ಎಳ್ಳು ಬಿಡುವ ಪದ್ಧತಿ ಇದೆ ಎಂದು ಹೇಳಿದೆ.

ಅವರು ತಟ್ಟೆಯ ಅಂಚಿನಲ್ಲಿ ಬಿದ್ದಿದ್ದ ಒಂದು ಕಾಳನ್ನು ಬೆರಳ ತುದಿಗೆ ಅಂಟಿಸಿ ಎತ್ತಿಕೊಂಡರು. "ಹಾಗಾದ್ರೆ ನಾನು ಮಾಡ್ತಿರೋದು ತಪ್ಪೇನಲ್ಲ" ಎಂದರು. ಮತ್ತೆ ಹಾರಿಸಲು ಅನುಮತಿ ಸಿಕ್ಕಿದ ದಿನ ಮೊದಲ ಸಾಲು ಆ ಗೆಳೆಯರ ಹೆಸರಿನಲ್ಲಿ ಎಂದು ತಂಡ ಮಾತಾಡಿಕೊಂಡಿತ್ತು. ಆ ದಿನ ಮದ್ದು ಅಳೆಯುವುದೂ, ಬಲತುದಿಯಲ್ಲಿ ನಿಂತು ಹಾರಿಸುವುದೂ ಇವರೇ. "ಅದಾದ ಮೇಲೆ ನಿಲ್ಲಿಸ್ತೀನಿ. ಅಲ್ಲೀವರೆಗೂ ಕೈ ಸರಿಯಿರಬೇಕು, ಅಷ್ಟೆ."

ಎರಡನೆಯ ವರ್ಷದ ಆಗಸ್ಟಿನಲ್ಲಿ ಅವರಿಗೇ ಜ್ವರ ಬಂತು. ಆಸ್ಪತ್ರೆಗಳಲ್ಲಿ ಜಾಗವಿರಲಿಲ್ಲ. ನಗರದ ವಾರ್ಡ್ ಕಚೇರಿಯವರು ಬಾಗಿಲಲ್ಲಿ ಊಟದ ಪೆಟ್ಟಿಗೆ ಇಟ್ಟು ಹೋದರು. ನಾನು ಬೇಲಿಯ ಮೇಲೆ ಗಂಜಿಯ ಫ್ಲಾಸ್ಕ್ ಇಡುತ್ತಿದ್ದೆ. ಅದು ತೊಳೆದು, ಒರೆಸಿ, ಮುಚ್ಚಳ ಬಿಗಿದು ವಾಪಸು ಅದೇ ಜಾಗದಲ್ಲಿ ಇರುತ್ತಿತ್ತು. ಹದಿನೈದು ದಿನದ ಮೇಲೆ, ಇನ್ನೂ ಸಣ್ಣಗಾಗಿ, ಮತ್ತೆ ಜಗುಲಿಗೆ ಬಂದರು.

ಬಂದರು ಸರಿ. ಸಂಜೆ ಏಳಕ್ಕೆ ಯೋಶಿ ಬರಲಿಲ್ಲ.

ನಿಶ್ಶಕ್ತಿ ಇರಬೇಕು ಎಂದುಕೊಂಡೆ. ಮರುದಿನವೂ ಬರಲಿಲ್ಲ. ಇಂಗನ್ನು ಒಂದೂವರೆ ಚಿಟಿಕೆ ಮಾಡಿದೆ. ನಮ್ಮವರು ಸೀನಿದರು. ಕೆಳಗೆ ಸದ್ದಿಲ್ಲ. ಕಿಟಕಿಯಿಂದ ಇಣುಕಿದರೆ ಅಲ್ಲೇ ಕೂತು ಪತ್ರಿಕೆ ಓದುತ್ತಿದ್ದರು.

ಸೆಪ್ಟೆಂಬರಿನ ಒಂದು ಮಂಗಳವಾರ ಕೊಳವೆ ತುಂಬುವ ಕೆಲಸ ನಡೆದಿತ್ತು. ಪಕ್ಕದಲ್ಲಿ ಸೊಳ್ಳೆಬತ್ತಿ ಹಚ್ಚಿಟ್ಟಿದ್ದರು. ಅದು ತಟ್ಟೆಯಿಂದ ಜಾರಿ ಚಾಪೆಯ ಅಂಚಿಗೆ ತಾಗಿತು. ಚಾಪೆ ಕಪ್ಪಗಾಗಿ ನೀಲಿ ಹೊಗೆ ಎದ್ದಿತು. ಎರಡನೆಯ ಮಹಡಿಯಲ್ಲಿ ನನಗೆ ಹುಲ್ಲು ಸುಟ್ಟ ವಾಸನೆ ಬಂತು. ಅವರು ಒಂಬತ್ತನೆಯ ಕೊಳವೆಗೆ ಬಿರಡೆ ಹಾಕಿದರು. ಮುಚ್ಚಳಕ್ಕೆ ಬೆರಳು ತೋರಿಸಿದರು. ಮಾಸ್ಕು ಕೆಳಗೆಳೆದು ಎಡಕ್ಕೆ ಮೂಸಿದರು, ಬಲಕ್ಕೆ ಮೂಸಿದರು. ಹೊಗೆ ಬಲಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು.

"ಯೋಶಿ" ಎಂದರು.

"ಓಜೀಸಾನ್! ಚಾಪೆ! ಬೆಂಕಿ!" ಎಂದು ಕೂಗಿದೆ. ಅವರು ತಿರುಗಿ ನೋಡಿ, ಚಹಾದ ಲೋಟ ಸುರಿದು ಆರಿಸಿದರು. ಮೇಲೆ ನೋಡಿ ತಲೆಬಾಗಿ, "ತೂಕಡಿಕೆ ಬಂದಿತ್ತು" ಎಂದರು. ಕಣ್ಣು ತೆರೆದೇ ಇದ್ದದ್ದನ್ನು ನಾನು ನೋಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಅವರು ಒಂಬತ್ತು ಕೊಳವೆಗಳನ್ನು ವಾಪಸು ಸುರಿಯಲಿಲ್ಲ. ಹತ್ತನೆಯದನ್ನು ಎತ್ತಿಕೊಂಡರು.

ಆ ಮೂಸುವುದು ಯಾಕೆಂದು ಹಿಂದೊಮ್ಮೆ ಅವರೇ ಹೇಳಿದ್ದರು. ಸಾಲಿನಲ್ಲಿ ಎಲ್ಲರ ಕೈಯಲ್ಲೂ ಹೊತ್ತಿದ ಹುರಿಬತ್ತಿ ಇರುತ್ತದೆ. ಅದರ ಒಂದು ಕಿಡಿ ಯಾರ ತೋಳಿನ ಮೇಲಾದರೂ, ಚಾಪೆಯ ಮೇಲಾದರೂ ಬಿದ್ದು ಒಳಗೊಳಗೇ ಉರಿಯುತ್ತಿರಬಹುದು. ಕಣ್ಣಿಗೆ ಕಾಣುವ ಮೊದಲು ಮೂಗಿಗೆ ತಿಳಿಯಬೇಕು. ಮದ್ದಿನ ಡಬ್ಬಿ ತೆರೆಯುವವನಿಗೆ ಮೂಗೇ ಕಾವಲುಗಾರ.

ನವೆಂಬರಿನಲ್ಲಿ ನದಿಯ ದಂಡೆಯಲ್ಲಿ, ಪ್ರೇಕ್ಷಕರನ್ನು ಕರೆಯದೆ, ಐದು ಕೋವಿಯ ಒಂದೇ ಒಂದು ಸಾಲು ಹಾರಿಸಲು ಅನುಮತಿ ಸಿಕ್ಕಿತ್ತು. ಗೆಳೆಯರ ಸಾಲು. ಅದನ್ನು ನನಗೆ ಹೇಳುವಾಗ ಅವರ ದನಿ ಒಂದಿಷ್ಟೂ ಏರಲಿಲ್ಲ, ಆದರೆ ಜೇಬಿನ ಗಡಿಯಾರವನ್ನು ಎರಡು ಸಲ ತೆಗೆದು ನೋಡಿದರು.

ನಮ್ಮವರಿಗೆ ಹೇಳಿದೆ. "ನಿನಗ್ಯಾಕೆ ಊರ ಉಸಾಬರಿ?" ಎಂದರು. "ಅವರ ತಂಡದವರಿಲ್ವಾ? ಡಾಕ್ಟರಿಲ್ವಾ? ವಯಸ್ಸಾದವರ ಮನಸ್ಸು ನೋಯಿಸ್ತೀಯಾ? ಒಂದೇ ಒಂದು ಸಲ ತಾನೇ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ನನಗೆ ಕಲಿಸಿದ್ದೂ ಅದೇ. ಕೇಳದೆ ಮಾತಾಡಬಾರದು, ಹಿರಿಯರನ್ನು ತಿದ್ದಬಾರದು. ಮೂರು ವಾರ ಆ ಪಾಠದಂತೆಯೇ ನಡೆದುಕೊಂಡೆ. ದಿನವೂ ಏಳಕ್ಕೆ ಇಂಗು ಹಾಕಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಸಾರಿನ ಪಾತ್ರೆ ಕೆಳಗಿಳಿಸುವಾಗ ಅಜ್ಜಿಯ ನೆನಪಾಗುತ್ತಿತ್ತು. ಖಾಲಿಯಾದ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, ಕೇಳಬೇಕಾದ್ದನ್ನು ಕೇಳದೆ ಒಳಗೆ ಹೋದ ಅಜ್ಜಿ.

ಅಕ್ಟೋಬರಿನ ಕೊನೆಯ ಸೋಮವಾರ ಎರಡು ಸ್ಟೀಲಿನ ಪುಟ್ಟ ಡಬ್ಬಿ ತೆಗೆದುಕೊಂಡು ಕೆಳಗಿಳಿದೆ. ಎರಡೂ ಒಂದೇ ಥರದವು. ಒಂದರಲ್ಲಿ ಇಂಗಿನ ಪುಡಿ, ಇನ್ನೊಂದರಲ್ಲಿ ಗೋಧಿ ಹಿಟ್ಟಿಗೆ ಚಿಟಿಕೆ ಅರಿಸಿನ ಬೆರೆಸಿ ಮಾಡಿದ ಅದೇ ಬಣ್ಣದ ಪುಡಿ. ಬೇಲಿಯ ಮೇಲೆ ಇಟ್ಟು ಮುಚ್ಚಳ ತೆಗೆದೆ. ಒಂದು ಮುಚ್ಚಳ ಕೈಜಾರಿ ಕೆಳಗೆ ಬಿತ್ತು.

"ಓಜೀಸಾನ್, ತಪ್ಪು ತಿಳೀಬೇಡಿ. ಇದರಲ್ಲಿ ನಮ್ಮ ಮನೆ ಕೋವಿ ಯಾವುದು ಹೇಳಿ."

ಅವರು ಡಬ್ಬಿಗಳನ್ನು ನೋಡಿದರು, ನನ್ನನ್ನು ನೋಡಿದರು. ಮಾಸ್ಕಿಗೆ ಕೈ ಹಾಕಿದವರು ಅಲ್ಲಿಗೇ ನಿಲ್ಲಿಸಿದರು. ಅಂಗಳದ ಸಂಪಿಗೆಯಂಥ ಗಿಡದಿಂದ ಒಂದು ಎಲೆ ಬಿದ್ದು, ಅದನ್ನು ಅವರು ಕಾಲಿನಿಂದ ಬದಿಗೆ ಸರಿಸಿದರು.

"ರೈಲಿನಲ್ಲಿದ್ದಾಗ ದಿನಾ ಬೆಳಗ್ಗೆ ಹಾಜರಿ ತಗೋತಿದ್ದರು" ಎಂದರು ಕೊನೆಗೆ. "ಡ್ಯೂಟಿಗೆ ಹತ್ತೋ ಮುಂಚೆ ಮೇಲಧಿಕಾರಿ ಎದುರು ನಿಲ್ಲಬೇಕು. ನಿದ್ದೆ ಆಗಿದೆಯಾ, ಕುಡಿದಿದೀಯಾ, ಕಣ್ಣು ಸರಿಯಿದೆಯಾ. ಸುಳ್ಳು ಹೇಳೋ ಹಾಗಿರಲಿಲ್ಲ, ಯಾಕಂದ್ರೆ ಅವರು ಮುಖ ನೋಡಿ ಕೇಳ್ತಿದ್ದರು. ರಿಟೈರ್ ಆದ ಮೇಲೆ ಯಾರೂ ಕೇಳಲಿಲ್ಲ. ಯಾರೂ ಕೇಳದೇ ಇದ್ದರೆ, ಹೇಳದೇ ಇರೋದು ಸುಳ್ಳು ಅಂತ ಅನ್ನಿಸೋದಿಲ್ಲ ನೋಡಿ."

ಅವರು ಮೂಗಿನ ಮೇಲೆ ಮಾಸ್ಕನ್ನು ಸರಿಮಾಡಿಕೊಂಡರು.

"ಜ್ವರ ಬಂದ ಮೂರನೇ ದಿನ ವಾಸನೆ ಹೋಯಿತು. ಚಹಾ, ಸಾಬೂನು, ಊದುಬತ್ತಿ, ಯಾವುದೂ ಇಲ್ಲ. ನವೆಂಬರಿಗೆ ಬರುತ್ತೆ ಅಂದ್ಕೊಂಡಿದ್ದೆ." ಎರಡೂ ಡಬ್ಬಿಗೆ ಒಂದೊಂದೇ ಸಲ ಬೆರಳು ತೋರಿಸಿದರು. "ಗೊತ್ತಿಲ್ಲ. ಗೊತ್ತಿಲ್ಲ. ಹಾಜರಿಯಲ್ಲಿ ಫೇಲ್."

ಬಿದ್ದ ಮುಚ್ಚಳವನ್ನು ಎತ್ತಿ, ಒರೆಸಿ, ಸರಿಯಾದ ಡಬ್ಬಿ ಯಾವುದೆಂದು ನನ್ನನ್ನು ಕೇಳಿ ಮುಚ್ಚಿ ಕೊಟ್ಟರು. ಜಗುಲಿಗೆ ಹೋಗಿ ಎಳ್ಳಿನ ಕೊಳವೆಗಳನ್ನು ಹೊರಗೆ ತಂದರು. ಮರುದಿನದ ಅಭ್ಯಾಸಕ್ಕೆ ಕಾಯದೆ, ಹಿಂದಿನ ವಾರ ತುಂಬಿಟ್ಟಿದ್ದ ಇಪ್ಪತ್ತನ್ನೂ ಬಿಚ್ಚಿ ವಾಪಸು ಸುರಿದರು. ನಾನು ಹೋಗಲೋ ನಿಲ್ಲಲೋ ತಿಳಿಯದೆ ನಿಂತೇ ಇದ್ದೆ. ಕೊನೆಯದನ್ನು ಬೋರಲು ಹಾಕಿದ ಮೇಲೆ ತಂಡಕ್ಕೆ ಫೋನು ಮಾಡಿದರು. ನನಗೆ ಕೇಳಿಸಲಿ ಎಂದೇ ಇರಬೇಕು, ಜಗುಲಿಯಲ್ಲೇ ನಿಂತು ಮಾತಾಡಿದರು.

ಅವತ್ತು ನಾನು ಏಳಕ್ಕೆ ಒಗ್ಗರಣೆ ಹಾಕಲಿಲ್ಲ. ಮೊಸರನ್ನ ಕಲಸಿದೆ. ನಮ್ಮವರು ಏನೂ ಕೇಳದೆ ಉಂಡರು.

ನವೆಂಬರಿನ ಆ ಭಾನುವಾರ ನದಿಯ ದಂಡೆಗೆ ಹೋದೆ. ಹಗ್ಗದ ಹೊರಗೆ ನಿಲ್ಲಲು ಯಾರ ಅಡ್ಡಿಯೂ ಇರಲಿಲ್ಲ. ಸೈಕಲ್ಲಿನವರು, ನಾಯಿ ತಂದವರು ಹತ್ತಾರು ಜನ ನಿಂತಿದ್ದರು. ಐದು ಜನ ಕವಚ ತೊಟ್ಟು ಸಾಲಾಗಿದ್ದರು. ಬಲತುದಿಯಲ್ಲಿ ಓಜೀಸಾನ್ ಅವರ ಕೋವಿ ಹಿಡಿದು ನಿಂತಿದ್ದುದು ದಂತ ವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಮದ್ದು ಅಳೆದದ್ದೂ ಆಕೆಯೇ, ಇವರ ಬಿದಿರಿನ ಚಮಚದಲ್ಲಿ, ಇವರು ಹೇಳಿಕೊಟ್ಟ ಅಳತೆಯಲ್ಲಿ. ಮದ್ದು ಹಾಕುವ ಮೊದಲು ಆಕೆ ಕೋವಿಯ ನಳಿಗೆಯೊಳಗೆ ಒಂದು ಮರದ ಸಲಾಕೆ ಇಳಿಸಿದಳು. ಸಲಾಕೆಗೆ ಕೆಂಪು ದಾರ ಕಟ್ಟಿತ್ತು. ದಾರ ನಳಿಗೆಯ ಬಾಯಿಗೆ ಸಮನಾಗಿ ನಿಂತರೆ ಒಳಗೆ ಖಾಲಿ, ಮೇಲೆ ನಿಂತರೆ ಏನೋ ಉಳಿದಿದೆ ಎಂದರ್ಥ. ಸಮನಾಗಿ ನಿಂತಿತು. ಆಕೆಯೂ ಬೆರಳು ತೋರಿಸಿ ಯೋಶಿ ಎಂದಳು. ಓಜೀಸಾನ್ ಹಗ್ಗದ ಹತ್ತಿರ, ಬಿಳಿ ಅಂಗಿಯ ಮೇಲೆ ಕಪ್ಪು ಕೋಟು ಹಾಕಿ, ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ.

ಐದೂ ಒಟ್ಟಿಗೆ ಹಾರಿದವು. ನಾನು ನೆನೆಸಿದ್ದಷ್ಟು ದೊಡ್ಡ ಸದ್ದಲ್ಲ. ಒಂದು ನಾಯಿ ಬೊಗಳಿತು, ಅಷ್ಟೆ. ಆದರೆ ಹೊಗೆ ಬಹಳ. ಬೆಳ್ಳಗೆ, ದಪ್ಪಗೆ, ಗಾಳಿ ತಳ್ಳಿದ ಕಡೆಗೆ ಉರುಳುತ್ತಾ ನಮ್ಮ ಮೇಲೇ ಬಂತು. ಜನ ಹಿಂದೆ ಸರಿದರು. ಓಜೀಸಾನ್ ಮಾಸ್ಕು ಬಿಚ್ಚಿ ಜೇಬಿಗಿಟ್ಟು, ಆ ಹೊಗೆಯೊಳಗೆ ಕಣ್ಣು ಮುಚ್ಚಿ ಉಸಿರೆಳೆದರು. ಎರಡನೆಯ ಸಲವೂ ಎಳೆದರು. ನಾನು ನೆಲ ನೋಡಿದೆ.

"ಓಕುಸಾನ್, ವಾಸನೆ ಹೇಗಿದೆ? ಹೇಳಿ."

"ಏಳು ಗಂಟೆಗೆ ನಮ್ಮ ಅಡುಗೆಮನೆ ಹೇಗಿರುತ್ತೋ ಹಾಗೇ."

"ಸರಿಯಾಗಿ ಹಾಗೇನಾ?"

"ಸ್ವಲ್ಪ ಸಾಸಿವೆ ಕಡಿಮೆ."

ಅವರು ಕಣ್ಣು ಬಿಟ್ಟು ನದಿಯ ಕಡೆ ನೋಡಿದರು. "ಹಾಗಾದ್ರೆ ನನ್ನ ಗೆಳೆಯನಿಗೆ ತಲುಪಿದೆ" ಎಂದು ಗಡಿಯಾರ ಮುಚ್ಚಿದರು.

ಮರುದಿನ ಸಂಜೆ ಒಗ್ಗರಣೆಗೆ ಇಂಗು ಹಾಕಿ, ಕಿಟಕಿ ತೆರೆದು, ನಾನೇ ಕೆಳಕ್ಕೆ ಬೆರಳು ತೋರಿಸಿ "ಯೋಶಿ!" ಎಂದೆ. ಜೀವಮಾನದಲ್ಲಿ ನಾನು ಕಿಟಕಿಯಿಂದ ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಎರಡನೆಯ ಸಲ. ಜಗುಲಿಯಲ್ಲಿ ಪತ್ರಿಕೆ ಕೆಳಗಿಳಿಯಿತು.

"ಓಕುಸಾನ್, ಎರಡು ನಿಮಿಷ ಬೇಗ. ಲೇಟಾದ್ರೆ ಕ್ಷಮೆ ಇದೆ. ಬೇಗ ಹೊರಟರೆ ಇಲ್ಲ. ಸರಿಯಾದ ಟೈಮಿಗೆ ಬಂದ ಪ್ರಯಾಣಿಕ ಏನು ಮಾಡಬೇಕು?"

ಅಂದಿನಿಂದ ಗೋಡೆಯ ಗಡಿಯಾರ ನೋಡಿಯೇ ಒಗ್ಗರಣೆ. ನಾನು ಯೋಶಿ ಎನ್ನುತ್ತಿದ್ದೆ, ಅವರು ಗಡಿಯಾರ ನೋಡಿ, ನಮ್ಮ ಕಿಟಕಿಗೆ ಬೆರಳು ತೋರಿಸಿ ಯೋಶಿ ಎನ್ನುತ್ತಿದ್ದರು. ಮಂಗಳವಾರದ ಎಳ್ಳು ನಿಲ್ಲಲಿಲ್ಲ. ಆ ಕ್ಲಿನಿಕ್ಕಿನ ಹೆಂಗಸು ಬಂದು ಕೂತು ಕಲಿಯುತ್ತಿದ್ದಳು, ಇವರು ಎದುರು ಕೂತು ಅವಳ ಕೈ ನೋಡುತ್ತಿದ್ದರು. ಮಧ್ಯೆ ಅವಳ ಫೋನು ರಿಂಗಾದರೆ ಒಂದು ಮಾತೂ ಆಡದೆ ಡಬ್ಬಿಯ ಕಡೆ ಕಣ್ಣು ತಿರುಗಿಸುತ್ತಿದ್ದರು. ಅವಳು ಎಲ್ಲವನ್ನೂ ವಾಪಸು ಸುರಿಯುತ್ತಿದ್ದಳು. ಮೂರನೆಯ ವರ್ಷದ ಬೇಸಿಗೆಯಲ್ಲಿ ಉಸಿರಾಟದ ತೊಂದರೆ ಹೆಚ್ಚಾಗಿ ಮಗ ಬಂದು ನಾಗೋಯಾಕ್ಕೆ ಕರೆದುಕೊಂಡು ಹೋದರು. ಹೊರಡುವಾಗ ಕಾರಿನ ಗಾಜು ಇಳಿಸಿ, ಅಂಗಳ, ಬೇಲಿ, ನಮ್ಮ ಕಿಟಕಿ, ಮೂರಕ್ಕೂ ಬೆರಳು ತೋರಿಸಿದರು. ಮೂಗಿಗೆ ವಾಸನೆ ಮರಳಿತೋ ಇಲ್ಲವೋ ನನಗೆ ತಿಳಿಯದು. ಮರಳಿದ್ದರೆ ಹೇಳಿ ಕಳುಹಿಸುತ್ತಿದ್ದರು.

ಈಗ ಅವರ ಮಗನಿಗೆ ಉತ್ತರ ಬರೆಯಬೇಕು. ಮಧ್ಯಾಹ್ನ ಒಂದು ಹಾಳೆ ತೆಗೆದುಕೊಂಡು ಕೂತೆ. ಒಗ್ಗರಣೆಗೆ ಜಪಾನಿ ಪದ ಹುಡುಕುತ್ತಾ ಅರ್ಧ ಹಾಳೆ ಬರೆದಿದ್ದೆ. ಅಷ್ಟರಲ್ಲಿ ನಮ್ಮವರು ಒಳಗಿನಿಂದ "ಕಾಫಿ ಇದೆಯೇನೇ?" ಎಂದು ಕೂಗಿದರು. ಎದ್ದು ಹೋಗಿ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಕೊಟ್ಟು ಬಂದೆ. ಬಂದು ನೋಡಿದರೆ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ಚೆನ್ನಾಗಿಯೇ ನೆನಪಿತ್ತು.

ಆದರೂ ಆ ಹಾಳೆಯನ್ನು ಬದಿಗಿಟ್ಟು ಹೊಸದೊಂದು ತೆಗೆದುಕೊಂಡೆ. ಮೊದಲಿಂದ ಶುರು ಮಾಡಿದೆ. "ಸಂಜೆ ಏಳು ಗಂಟೆ ನಮ್ಮ ಅಡುಗೆಮನೆಯಲ್ಲಿ ಕೋವಿ ಹಾರುವ ಹೊತ್ತು. ನಿಮ್ಮ ತಂದೆಯವರಿಗೆ ಅದರ ವಾಸನೆ ತಿಳಿಯುತ್ತಿರಲಿಲ್ಲ. ಆದ್ದರಿಂದ ನಾನು ಹೇಳುತ್ತಿದ್ದೆ, ಅವರು ಗಡಿಯಾರ ನೋಡಿ ಸರಿ ಎನ್ನುತ್ತಿದ್ದರು. ನಾನು ಒಂದು ದಿನವೂ ತಪ್ಪಿಸಿಲ್ಲ. ಅವರು ನಾಗೋಯಾಕ್ಕೆ ಹೋದ ಮೇಲೂ."